ಪುಟದ ತಲೆಯ ಸಾಲು: ಟೆಕ್ ಅಕ್ಷರಜೋಡಣೆಯಲ್ಲಿ ಪ್ರಸ್ತುತ ವಿಭಾಗದ ಶೀರ್ಷಿಕೆಯನ್ನು ಪಡೆಯುವ ಬಗೆ

ಮುದ್ರಿತ ಗ್ರಂಥವೊಂದರ ಪುಟದ ಮೇಲಂಚಿನಲ್ಲಿ ಅಧ್ಯಾಯದ ಅಥವಾ ವಿಭಾಗದ ಹೆಸರನ್ನು ಹೊತ್ತು ನಿಲ್ಲುವ ಸಣ್ಣ ಸಾಲನ್ನು ಓದುಗರು ಸಾಮಾನ್ಯವಾಗಿ ಓದುವುದಿಲ್ಲ, ನೋಡುತ್ತಾರೆ ಅಷ್ಟೆ. ಆದರೆ ಸಂಶೋಧಕನ ಮಟ್ಟಿಗೆ ಈ ಸಾಲು ಅಲಂಕಾರವಲ್ಲ. ಗ್ರಂಥಾಲಯದಿಂದ ತಂದ ಹತ್ತಾರು ಪುಟಗಳ ನೆರಳಚ್ಚು ಪ್ರತಿಯಲ್ಲಿ ಮುಖಪುಟವಿರುವುದಿಲ್ಲ, ಪರಿವಿಡಿಯಿರುವುದಿಲ್ಲ. ಆ ಪುಟ ಯಾವ ಲೇಖನಕ್ಕೆ, ಯಾವ ಭಾಗಕ್ಕೆ ಸೇರಿದ್ದು ಎಂಬುದಕ್ಕೆ ಉಳಿಯುವ ಸಾಕ್ಷಿ ಅದೊಂದೇ. ಹಲವು ವಿದ್ವಾಂಸರ ಲೇಖನಗಳಿರುವ ಅಭಿನಂದನ ಗ್ರಂಥದಲ್ಲಿ ಈ ಸಾಲು ತಪ್ಪಿದರೆ ಒಬ್ಬರ ಮಾತು ಇನ್ನೊಬ್ಬರ ಹೆಸರಿನಲ್ಲಿ ಉಲ್ಲೇಖಗೊಳ್ಳುವ ಅಪಾಯವಿದೆ. ಆದ್ದರಿಂದ ಪುಟಶೀರ್ಷಿಕೆಯು ಹೇಗೆ ಸಿದ್ಧವಾಗುತ್ತದೆ, ಎಲ್ಲಿ ತಪ್ಪುತ್ತದೆ ಎಂಬುದು ಕೇವಲ ಗಣಕತಜ್ಞರ ಚಿಂತೆಯಾಗಿ ಉಳಿಯತಕ್ಕದ್ದಲ್ಲ. ಮಹಾಪ್ರಬಂಧಗಳನ್ನೂ ಸಂಪಾದಿತ ಕೃತಿಗಳನ್ನೂ ಸಂಶೋಧಕರೇ ಗಣಕದಲ್ಲಿ ಸಿದ್ಧಪಡಿಸುತ್ತಿರುವಾಗ ಅದು ಗ್ರಂಥಸಂಪಾದನೆಯ ಪ್ರಶ್ನೆಯೂ ಆಗುತ್ತದೆ.

ಕನ್ನಡದ ಪ್ರಾಚೀನ ಕಾವ್ಯಗಳು ಭಾಗದ ಗುರುತನ್ನು ಬೇರೊಂದು ರೀತಿಯಲ್ಲಿ ಕಾಪಾಡಿಕೊಂಡು ಬಂದವು. ಚಂಪೂ ಕಾವ್ಯದಲ್ಲಿ ಆಶ್ವಾಸ ಮುಗಿದ ಮೇಲೆ ಬರುವ ಗದ್ಯವು ಕವಿಯ ಹೆಸರನ್ನೂ ಕಾವ್ಯದ ಹೆಸರನ್ನೂ ಆಶ್ವಾಸದ ಸಂಖ್ಯೆಯನ್ನೂ ತಿಳಿಸುತ್ತದೆ. ಅಂದರೆ ಭಾಗದ ಹೆಸರು ಮೊದಲಿಗಿಂತ ಕೊನೆಯಲ್ಲಿ ಸ್ಪಷ್ಟವಾಗುತ್ತದೆ. ನಡುವಿನ ಒಂದು ಗರಿ ಮಾತ್ರ ಕೈಗೆ ಸಿಕ್ಕರೆ ಅದು ಎಷ್ಟನೆಯ ಆಶ್ವಾಸದ್ದು ಎಂಬುದನ್ನು ಕಥಾಭಾಗದಿಂದಲೋ ಪತ್ರಸಂಖ್ಯೆಯಿಂದಲೋ ಊಹಿಸಬೇಕು. ಅಚ್ಚಿನ ಪುಸ್ತಕದ ಪುಟಶೀರ್ಷಿಕೆ ಈ ಕೊರತೆಯನ್ನು ತುಂಬಿತು. ಆದರೆ ಅದು ತನ್ನದೇ ಆದ ಒಂದು ತೊಡಕನ್ನೂ ತಂದಿತು: ಪುಟದ ನಡುವೆ ಒಂದು ಭಾಗ ಮುಗಿದು ಇನ್ನೊಂದು ಮೊದಲಾದರೆ ಆ ಪುಟದ ‘ಪ್ರಸ್ತುತ’ ಭಾಗ ಯಾವುದು?

ಟೆಕ್ ವ್ಯವಸ್ಥೆಯನ್ನು ಇಲ್ಲಿ ವಿವರಣೆಗೆ ಆರಿಸಿಕೊಳ್ಳಲು ಕಾರಣವಿದೆ. ಈ ಪ್ರಶ್ನೆಯನ್ನು ಮರೆಮಾಚದೆ ಬಳಕೆದಾರನ ಮುಂದೆಯೇ ಇರಿಸಿದ ವ್ಯವಸ್ಥೆ ಅದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ಕನೂತ್ ಅವರು 1977ರಲ್ಲಿ ತಮ್ಮ ಗ್ರಂಥದ ಎರಡನೆಯ ಸಂಪುಟದ ಪರಿಷ್ಕೃತ ಮುದ್ರಣದ ಕರಡಚ್ಚುಗಳನ್ನು ಕಂಡು ಅತೃಪ್ತರಾಗಿ, ಅಕ್ಷರಜೋಡಣೆಗೆ ತಾವೇ ಒಂದು ತಂತ್ರಾಂಶವನ್ನು ರೂಪಿಸತೊಡಗಿದರು. ಅದೇ ಟೆಕ್. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ ಅವರು 1980ರ ದಶಕದ ಮಧ್ಯದಲ್ಲಿ ಕಟ್ಟಿದ ಲೇಟೆಕ್, ಅಧ್ಯಾಯ, ವಿಭಾಗ, ಉಪವಿಭಾಗ ಎಂಬ ರಚನೆಯನ್ನು ಸುಲಭ ಆಜ್ಞೆಗಳಿಗೆ ಇಳಿಸಿತು. ಜೊನಾಥನ್ ಕ್ಯೂ ಅವರ ಜೀಟೆಕ್ 2004ರಲ್ಲಿ ಬಂದ ಮೇಲೆ ಯೂನಿಕೋಡ್ ಕನ್ನಡವನ್ನು ಯಾವ ಲಿಪ್ಯಂತರದ ಹಂಗೂ ಇಲ್ಲದೆ ಅದರಲ್ಲಿ ಜೋಡಿಸುವುದು ಸಾಧ್ಯವಾಯಿತು.

ಲೇಟೆಕ್‌ನಲ್ಲಿ ಬರೆಯತೊಡಗಿದವರು ಸಹಜವಾಗಿ ಹೀಗೆ ಭಾವಿಸುತ್ತಾರೆ: ವಿಭಾಗದ ತಲೆಬರಹವನ್ನು ಆಜ್ಞೆಯೊಳಗೆ ಕೊಟ್ಟಾಗಿದೆ, ಆದ್ದರಿಂದ ‘ಈಗಿನ ವಿಭಾಗದ ಹೆಸರು’ ವ್ಯವಸ್ಥೆಯ ಬಳಿ ಇದ್ದೇ ಇರುತ್ತದೆ, ಅದನ್ನು ಕೇಳಿ ಪಡೆದರೆ ಸಾಕು. ವಿಭಾಗದ ಸಂಖ್ಯೆಯ ಮಟ್ಟಿಗೆ ಇದು ನಿಜ. ಹೆಸರಿನ ಮಟ್ಟಿಗೆ ಹಾಗಲ್ಲ. ಮೂಲ ಲೇಟೆಕ್ ತಲೆಬರಹವನ್ನು ಪುಟದಲ್ಲಿ ಜೋಡಿಸಿ, ಪರಿವಿಡಿಗೆ ಒಂದು ಪ್ರತಿಯನ್ನು ಕಳುಹಿಸಿ, ಪುಟಶೀರ್ಷಿಕೆಗಾಗಿ ಇನ್ನೊಂದು ಪ್ರತಿಯನ್ನು ಒಪ್ಪಿಸಿ ತನ್ನ ಕೆಲಸ ಮುಗಿಯಿತೆಂದು ಮುಂದೆ ಸಾಗುತ್ತದೆ. ಲೇಖಕ ಬೇಕೆಂದಾಗ ಕರೆಯಬಹುದಾದ ಸ್ಥಿರವಾದ ಹೆಸರಿನಲ್ಲಿ ಅದನ್ನು ಉಳಿಸಿಟ್ಟುಕೊಳ್ಳುವ ಏರ್ಪಾಡು ಅದರಲ್ಲಿ ಇರಲಿಲ್ಲ.

ಉಳಿಸಿಟ್ಟುಕೊಂಡರೂ ಸಾಲದು ಎಂಬುದೇ ಇಲ್ಲಿನ ಮುಖ್ಯ ಸಂಗತಿ. ಟೆಕ್ ಪಠ್ಯವನ್ನು ಓದುವ ಹೊತ್ತು ಬೇರೆ, ಪುಟವನ್ನು ಕತ್ತರಿಸಿ ಹೊರಗೆ ಕಳುಹಿಸುವ ಹೊತ್ತು ಬೇರೆ. ಅದು ಒಂದು ಪ್ಯಾರಾವನ್ನು ಪೂರ್ತಿಯಾಗಿ ಓದಿ, ಸಾಲುಗಳಾಗಿ ಒಡೆದು, ಆ ಸಾಲುಗಳನ್ನು ಕೂಡಿಡುತ್ತ ಹೋಗುತ್ತದೆ. ಪುಟಕ್ಕೆ ಬೇಕಾದಷ್ಟು ಸಾಲುಗಳು ಸೇರಿವೆ ಎಂದು ಖಚಿತವಾಗುವ ವೇಳೆಗೆ ಅದರ ಓದು ಬಹುಪಾಲು ಮುಂದಿನ ಪುಟದ ಪಠ್ಯಕ್ಕೆ ದಾಟಿರುತ್ತದೆ. ಆ ಕ್ಷಣದಲ್ಲಿ ‘ಈಗಿನ ವಿಭಾಗ ಯಾವುದು’ ಎಂದು ಕೇಳಿದರೆ ಓದು ತಲುಪಿರುವ ವಿಭಾಗದ ಹೆಸರು ಬರುತ್ತದೆಯೇ ಹೊರತು ಹೊರಹೋಗುತ್ತಿರುವ ಪುಟದ ವಿಭಾಗದ ಹೆಸರಲ್ಲ.

ಮೊಳೆ ಜೋಡಿಸುತ್ತಿದ್ದ ಕಾಲದ ಮುದ್ರಣಾಲಯವನ್ನು ನೆನೆದರೆ ಇದು ಸುಲಭವಾಗಿ ಮನವರಿಕೆಯಾಗುತ್ತದೆ. ಕಂಪೋಸಿಟರು ಮೊದಲು ಉದ್ದನೆಯ ಗ್ಯಾಲಿಯಲ್ಲಿ ಪಠ್ಯವನ್ನು ಜೋಡಿಸುತ್ತಿದ್ದರು. ಕರಡು ತಿದ್ದಿದ ಮೇಲೆ ಅದನ್ನು ಪುಟಗಳಾಗಿ ಭಾಗ ಮಾಡುತ್ತಿದ್ದರು. ಪುಟದ ಅಂಕಿಯೂ ಮೇಲಿನ ಶೀರ್ಷಿಕೆಯೂ ಸೇರುತ್ತಿದ್ದುದು ಆ ಬಳಿಕವೇ. ಹಾಗೆ ಸೇರಿಸುವವನು ಎದುರಿಗಿರುವ ಪುಟವನ್ನು ಕಣ್ಣಿನಿಂದ ನೋಡಿ, ಅದರಲ್ಲಿ ಯಾವ ತಲೆಬರಹವಿದೆ ಎಂದು ತಿಳಿದು ಶೀರ್ಷಿಕೆಯನ್ನು ಇಡುತ್ತಿದ್ದನು. ಗ್ಯಾಲಿಯಲ್ಲಿ ತಾನು ಕೊನೆಯದಾಗಿ ಜೋಡಿಸಿದ ತಲೆಬರಹವನ್ನು ನೆನಪಿನಿಂದ ಇಡುತ್ತಿರಲಿಲ್ಲ. ಟೆಕ್ ಕೂಡ ಪುಟವನ್ನೇ ನೋಡಬೇಕು. ಅದಕ್ಕಾಗಿ ಕನೂತ್ ಅವರು ಕಲ್ಪಿಸಿದ ಉಪಾಯವೇ ‘ಮಾರ್ಕ್’, ಅಂದರೆ ಗುರುತು.

ಗುರುತು ಎಂಬುದು ಮುದ್ರಣದಲ್ಲಿ ಕಾಣದ, ಜಾಗವನ್ನೂ ಆಕ್ರಮಿಸದ ಒಂದು ಚೀಟಿ. ತಲೆಬರಹದ ಜೊತೆಯಲ್ಲಿಯೇ ಅದನ್ನು ಸಾಲುಗಳ ನಡುವೆ ಇರಿಸಲಾಗುತ್ತದೆ. ತಲೆಬರಹ ಯಾವ ಪುಟಕ್ಕೆ ಹೋಗುತ್ತದೆಯೋ ಚೀಟಿಯೂ ಅದೇ ಪುಟಕ್ಕೆ ಹೋಗುತ್ತದೆ. ಪುಟವನ್ನು ಕತ್ತರಿಸಿದಾಗ ಟೆಕ್ ಅದರೊಳಗಿನ ಚೀಟಿಗಳನ್ನು ನೋಡಿ ಮೂರು ಉತ್ತರಗಳನ್ನು ಸಿದ್ಧವಾಗಿಡುತ್ತದೆ. ಹಿಂದಿನ ಪುಟದ ಕೊನೆಯಲ್ಲಿ ಜಾರಿಯಲ್ಲಿದ್ದ ಗುರುತು ಟಾಪ್‌ಮಾರ್ಕ್. ಈ ಪುಟದಲ್ಲಿ ಮೊದಲು ಸಿಕ್ಕ ಗುರುತು ಫಸ್ಟ್‌ಮಾರ್ಕ್. ಕೊನೆಗೆ ಸಿಕ್ಕ ಗುರುತು ಬಾಟ್‌ಮಾರ್ಕ್. ಪುಟದಲ್ಲಿ ಹೊಸ ಗುರುತೇ ಇಲ್ಲದಿದ್ದರೆ ಮೂರೂ ಒಂದೇ ಆಗಿ, ಹಿಂದಿನದೇ ಮುಂದುವರಿಯುತ್ತದೆ. ‘ಪ್ರಸ್ತುತ ವಿಭಾಗ’ ಎಂಬ ಒಂದು ಪ್ರಶ್ನೆಗೆ ಒಂದೇ ಉತ್ತರವಿಲ್ಲ, ಮೂರಿವೆ ಎಂಬ ಅರಿವು ಈ ಏರ್ಪಾಡಿನಲ್ಲಿ ಅಡಕವಾಗಿದೆ.

ಲೇಟೆಕ್ ಈ ಮೂರರಲ್ಲಿ ಎರಡನ್ನು ಆರಿಸಿಕೊಂಡಿತು. ಎರಡೂ ಬದಿ ಮುದ್ರಿಸುವ ಪುಸ್ತಕದಲ್ಲಿ ಎಡಪುಟದ ತಲೆಗೆ ಅಧ್ಯಾಯದ ಹೆಸರು, ಬಲಪುಟದ ತಲೆಗೆ ವಿಭಾಗದ ಹೆಸರು ಬರುವುದು ಅದರ ವಾಡಿಕೆ. ಮೊದಲನೆಯದನ್ನು ಲೆಫ್ಟ್‌ಮಾರ್ಕ್, ಎರಡನೆಯದನ್ನು ರೈಟ್‌ಮಾರ್ಕ್ ಎಂಬ ಆಜ್ಞೆ ಒದಗಿಸುತ್ತದೆ. ಲೆಫ್ಟ್‌ಮಾರ್ಕ್ ಪುಟದ ಕೊನೆಯ ಗುರುತಿನಿಂದಲೂ ರೈಟ್‌ಮಾರ್ಕ್ ಮೊದಲ ಗುರುತಿನಿಂದಲೂ ತನ್ನ ಪಾಲನ್ನು ಪಡೆಯುತ್ತದೆ. ಉದಾಹರಣೆಗೆ, ಮಹಾಪ್ರಬಂಧವೊಂದರ 3ನೆಯ ಅಧ್ಯಾಯದ 3.1ನೆಯ ವಿಭಾಗ 58ನೆಯ ಪುಟದಲ್ಲಿಯೂ 3.2 ಎಂಬುದು 61ನೆಯ ಪುಟದ ನಡುವಿನಲ್ಲಿಯೂ ಮೊದಲಾಗುತ್ತವೆ ಎಂದಿಟ್ಟುಕೊಳ್ಳೋಣ. 65ನೆಯ ಪುಟದಲ್ಲಿ 3.3, 3.4 ಎರಡೂ ಬರುತ್ತವೆ. ಆಗ 59ರ ತಲೆಯಲ್ಲಿ 3.1 ಇರುತ್ತದೆ, 61ರಲ್ಲಿ, ಪುಟದ ಮೇಲರ್ಧ ಹಿಂದಿನ ವಿಭಾಗದ್ದಾಗಿದ್ದರೂ, 3.2 ಕಾಣುತ್ತದೆ, 63ರಲ್ಲಿ ಅದೇ ಮುಂದುವರಿಯುತ್ತದೆ, 65ರಲ್ಲಿ 3.3, 67ರಲ್ಲಿ 3.4. ಇದನ್ನು ದೋಷವೆಂದು ಭಾವಿಸಿ ತಿದ್ದಹೊರಟವರೂ ಉಂಟು. ವಾಸ್ತವವಾಗಿ ಇದು ಹುಡುಕುವ ಓದುಗನಿಗಾಗಿ ಮಾಡಿದ ಆಯ್ಕೆ: ಪುಟಗಳನ್ನು ತಿರುವಿ ವಿಭಾಗವೊಂದನ್ನು ಅರಸುವವನಿಗೆ ಅದು ಮೊದಲಾಗುವ ಪುಟವೇ ಮೊದಲು ಬೇಕು.

ಆದರೆ ಉಲ್ಲೇಖಿಸುವ ಓದುಗನ ಅಗತ್ಯ ಬೇರೆ. 14 ಆಶ್ವಾಸಗಳ ವಿಕ್ರಮಾರ್ಜುನ ವಿಜಯವನ್ನು ಹೊಸದಾಗಿ ಜೋಡಿಸುವ ಸಂಪಾದಕನು ಪುಟದ ತಲೆಯಲ್ಲಿ ಆಶ್ವಾಸದ ಸಂಖ್ಯೆಯನ್ನು ಇಡಬಯಸುತ್ತಾನೆ ಎನ್ನೋಣ. ಮೂರನೆಯ ಆಶ್ವಾಸ ಮುಗಿದು ನಾಲ್ಕನೆಯದು ಮೊದಲಾಗುವ ಪುಟದ ತಲೆಯಲ್ಲಿ ವಾಡಿಕೆಯಂತೆ 4 ಎಂದು ಬಂದರೆ, ಆ ಪುಟದ ಮೇಲ್ಭಾಗದ ಪದ್ಯವನ್ನು ಉದ್ಧರಿಸುವ ವಿದ್ಯಾರ್ಥಿ ಅದನ್ನು ನಾಲ್ಕನೆಯ ಆಶ್ವಾಸದ್ದೆಂದೇ ಬರೆಯುತ್ತಾನೆ. ಪದ್ಯಸಂಖ್ಯೆ ಸರಿ, ಆಶ್ವಾಸ ತಪ್ಪು. ಇಂತಹ ಉಲ್ಲೇಖ ಒಮ್ಮೆ ಅಚ್ಚಾಯಿತೆಂದರೆ ಮೂಲವನ್ನು ನೋಡದ ಮುಂದಿನ ಹಲವು ಲೇಖನಗಳಲ್ಲಿ ಅದು ಹಾಗೆಯೇ ಸಾಗುತ್ತದೆ. ಟಾಪ್‌ಮಾರ್ಕ್ ಮತ್ತು ಬಾಟ್‌ಮಾರ್ಕ್ ಎರಡನ್ನೂ ಸೇರಿಸಿ ‘3–4’ ಎಂದು ಮುದ್ರಿಸುವುದು ಮೇಲ್ನೋಟಕ್ಕೆ ಪರಿಹಾರದಂತೆ ಕಾಣುತ್ತದೆ. ಅದರಲ್ಲಿಯೂ ಒಂದು ಸಿಕ್ಕಿದೆ. ಟಾಪ್‌ಮಾರ್ಕ್ ಯಾವಾಗಲೂ ಹಿಂದಿನ ಪುಟದ ಶೇಷ. ಪುಟದ ಮೊದಲ ಸಾಲಿನಿಂದಲೇ ನಾಲ್ಕನೆಯ ಆಶ್ವಾಸ ಆರಂಭವಾದರೂ ಅದು 3 ಎಂದೇ ಹೇಳುತ್ತದೆ. ಆಗ ಮೂರನೆಯ ಆಶ್ವಾಸದ ಒಂದಕ್ಷರವೂ ಇಲ್ಲದ ಪುಟದ ಮೇಲೆ ಅದರ ಸಂಖ್ಯೆ ಕುಳಿತುಕೊಳ್ಳುತ್ತದೆ. ಇದಕ್ಕಿಂತ ಒಳ್ಳೆಯ ದಾರಿಯೆಂದರೆ ಆಶ್ವಾಸಕ್ಕೊಂದು ಗುರುತನ್ನು ಇಡುವ ಬದಲು ಪ್ರತಿ ಪದ್ಯಕ್ಕೂ ಆಶ್ವಾಸಸಂಖ್ಯೆ, ಪದ್ಯಸಂಖ್ಯೆಗಳೆರಡನ್ನೂ ಒಳಗೊಂಡ ಗುರುತನ್ನು ಇಡುವುದು. ಆಗ ಫಸ್ಟ್‌ಮಾರ್ಕ್ ಮತ್ತು ಬಾಟ್‌ಮಾರ್ಕ್‌ಗಳಿಂದ ಆ ಪುಟದಲ್ಲಿ ಆರಂಭವಾಗುವ ಮೊದಲ ಮತ್ತು ಕೊನೆಯ ಪದ್ಯಗಳು ತಾವಾಗಿಯೇ ತಲೆಗೆ ಬರುತ್ತವೆ. ನಿಘಂಟಿನ ಪುಟದ ಮೇಲೆ ಮೊದಲ ಮತ್ತು ಕೊನೆಯ ಪದಗಳನ್ನು ಕೊಡುವುದಕ್ಕೆ ಬಳಸುವ ತಂತ್ರವೂ ಇದೇ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಪದ್ಯ ಎರಡು ಪುಟಗಳಿಗೆ ಹರಿದುಹೋಗದಿರಲೆಂದು ಅದನ್ನು ಒಂದು ಚೌಕದೊಳಗೆ ಕಟ್ಟಿದರೆ, ಚೌಕದೊಳಗಿನ ಗುರುತು ಪುಟಕ್ಕೆ ಕಾಣದೆ ಹೋಗುತ್ತದೆ. ಗುರುತನ್ನು ಚೌಕದ ಹೊರಗೇ ಇಡಬೇಕು.

ಮಹಾಪ್ರಬಂಧಗಳಲ್ಲಿ ಕಾಣಬರುವ ತಪ್ಪುಗಳು ಇಷ್ಟು ಸೂಕ್ಷ್ಮವಾದವಲ್ಲ. ಅವುಗಳಲ್ಲಿ ಮೊದಲನೆಯದು ನಕ್ಷತ್ರ ಚಿಹ್ನೆಯಿಂದ ಹುಟ್ಟುವಂಥದು. ‘ಉಪಸಂಹಾರ’ಕ್ಕೆ ಅಧ್ಯಾಯಸಂಖ್ಯೆ ಬೇಡವೆಂದು ಲೇಖಕರು ಅಧ್ಯಾಯದ ಆಜ್ಞೆಗೆ ನಕ್ಷತ್ರವನ್ನು ಸೇರಿಸುತ್ತಾರೆ. ನಕ್ಷತ್ರ ಸೇರಿದ ಆಜ್ಞೆ ಸಂಖ್ಯೆಯನ್ನು ಮಾತ್ರವಲ್ಲ, ಗುರುತನ್ನೂ ಬಿಟ್ಟುಬಿಡುತ್ತದೆ. ಪರಿಣಾಮವಾಗಿ ಉಪಸಂಹಾರದ ಪುಟಗಳ ಮೇಲೆ ಅದರ ಹಿಂದಿನ ಅಧ್ಯಾಯದ ಹೆಸರೇ ಕೊನೆಯವರೆಗೂ ನಿಂತಿರುತ್ತದೆ. ಅಧ್ಯಾಯದ ಮೊದಲ ಪುಟದಲ್ಲಿ ಪುಟಶೀರ್ಷಿಕೆ ಇರುವುದಿಲ್ಲವಾಗಿ ಕರಡು ನೋಡುವವರ ಕಣ್ಣಿಗೂ ಇದು ಬೀಳದೆ ಹೋಗುವುದುಂಟು. ಮಾರ್ಕ್‌ಬೋತ್ ಎಂಬ ಆಜ್ಞೆಯಿಂದ ಎಡಬಲಗಳೆರಡಕ್ಕೂ ಗುರುತನ್ನು ಕೈಯಾರೆ ಕೊಟ್ಟರೆ ಇದು ಸರಿಹೋಗುತ್ತದೆ.

ಎರಡನೆಯದು ಸಂಖ್ಯೆಗೂ ಹೆಸರಿಗೂ ತಾಳೆಯಾಗದಿರುವುದು. ಪಿಯೆಟ್ ವಾನ್ ಊಸ್ಟ್ರಮ್ ಅವರ ಫ್ಯಾನ್ಸಿಹೆಡ್‌ಆರ್ ಎಂಬ ಪರಿಕರವನ್ನು ಬಳಸಿ ಪುಟಶೀರ್ಷಿಕೆಯನ್ನು ತಾವೇ ರೂಪಿಸಿಕೊಳ್ಳುವವರು, ಹೆಸರನ್ನು ರೈಟ್‌ಮಾರ್ಕ್‌ನಿಂದ ತೆಗೆದುಕೊಂಡು ಸಂಖ್ಯೆಯನ್ನು ಮಾತ್ರ ವಿಭಾಗದ ಎಣಿಕೆಯಿಂದ ನೇರವಾಗಿ ಕರೆಯುವುದುಂಟು. ಹೆಸರು ಪುಟದ ಜೊತೆ ಬಂದದ್ದು. ಸಂಖ್ಯೆ ಓದು ತಲುಪಿದ ಜಾಗದ್ದು. ಮುಂದಿನ ಪುಟದ ಆರಂಭದಲ್ಲಿ ಹೊಸ ವಿಭಾಗವಿದ್ದರೆ ಸಂಖ್ಯೆ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. ನೂರು ಪುಟಗಳಲ್ಲಿ ತೊಂಬತ್ತು ಸರಿಯಾಗಿದ್ದು ಹತ್ತು ಮಾತ್ರ ತಪ್ಪುವ ಇಂತಹ ದೋಷವೇ ಹೆಚ್ಚು ಅಪಾಯಕಾರಿ. ಸಂಖ್ಯೆಯನ್ನೂ ಗುರುತಿನೊಳಗೇ ಕಟ್ಟಿಹಾಕಬೇಕು. ಅದಕ್ಕಾಗಿ ಸೆಕ್ಷನ್‌ಮಾರ್ಕ್ ಎಂಬ ಆಜ್ಞೆಯನ್ನು ಮರುವ್ಯಾಖ್ಯಾನಿಸಲು ಲೇಟೆಕ್ ಅವಕಾಶವಿತ್ತಿದೆ. ಗುರುತನ್ನು ಇಡುವ ಕ್ಷಣದಲ್ಲಿಯೇ ಸಂಖ್ಯೆ ಅಂಕಿಯಾಗಿ ಬಿಡಿಸಿಕೊಂಡು ಸ್ಥಿರವಾಗುತ್ತದೆ.

ದೊಡ್ಡಕ್ಷರದ ವಿಚಾರವನ್ನು ಇಲ್ಲಿಯೇ ಹೇಳಬೇಕು. ಲೇಟೆಕ್‌ನ ಸಿದ್ಧ ವಿನ್ಯಾಸಗಳು ಪುಟಶೀರ್ಷಿಕೆಯನ್ನು ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಪರಿವರ್ತಿಸುತ್ತವೆ. ದೊಡ್ಡಕ್ಷರ ಸಣ್ಣಕ್ಷರಗಳ ಭೇದವೇ ಇಲ್ಲದ ಕನ್ನಡ ಲಿಪಿಗೆ ಯೂನಿಕೋಡ್‌ನಲ್ಲಿ ಇದರಿಂದ ಯಾವ ಬಾಧೆಯೂ ಇಲ್ಲ. ಆದರೆ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕೃತಿಗಳನ್ನು ಕೂರಿಸಿದ ಹಳೆಯ ಫಾಂಟ್‌ಗಳ ಪಠ್ಯಕ್ಕೆ ಇಂತಹ ಪರಿವರ್ತನೆ ತಗುಲಿದರೆ ಒಂದು ಆಕೃತಿಯ ಜಾಗದಲ್ಲಿ ಸಂಬಂಧವೇ ಇಲ್ಲದ ಇನ್ನೊಂದು ಬರುತ್ತದೆ.

ಶೀರ್ಷಿಕೆಗಳ ಉದ್ದವೂ ಒಂದು ಸಮಸ್ಯೆಯೇ. ಕನ್ನಡದ ಸಂಶೋಧನ ಪ್ರಬಂಧಗಳ ತಲೆಬರಹಗಳು ‘ಸ್ವರೂಪ ಮತ್ತು ವೈಶಿಷ್ಟ್ಯ: ಒಂದು ವಿಶ್ಲೇಷಣಾತ್ಮಕ ಅಧ್ಯಯನ’ ಎಂಬ ಬಾಲವಿಲ್ಲದೆ ಮುಗಿಯುವುದು ಅಪರೂಪ. ಪುಟದ ತಲೆಯಲ್ಲಿ ಅದಕ್ಕೆ ಎಡೆಯಿಲ್ಲ. ವಿಭಾಗದ ಆಜ್ಞೆಯಲ್ಲಿ ಚೌಕ ಆವರಣದೊಳಗೆ ಕಿರುಶೀರ್ಷಿಕೆಯೊಂದನ್ನು ಕೊಟ್ಟರೆ ಪರಿವಿಡಿಗೂ ಪುಟಶೀರ್ಷಿಕೆಗೂ ಅದೇ ಹೋಗುತ್ತದೆ. ತಲೆಬರಹದ ಮೇಲೆ ಅಡಿಟಿಪ್ಪಣಿಯ ಸಂಖ್ಯೆಯನ್ನು ಇಡುವವರಿಗಂತೂ ಕಿರುಶೀರ್ಷಿಕೆ ಕಡ್ಡಾಯವೆನ್ನಬೇಕು. ಇಲ್ಲದಿದ್ದರೆ ಟಿಪ್ಪಣಿಯೂ ಪುಟದ ತಲೆಗೆ ಏರಲು ಹವಣಿಸುತ್ತದೆ.

ಇದುವರೆಗಿನ ಮಾತು ಪುಟದ ತಲೆಗೆ ಸಂಬಂಧಿಸಿದ್ದು. ಪಠ್ಯದ ಒಡಲಿನೊಳಗೇ ವಿಭಾಗದ ಹೆಸರು ಬೇಕಾದರೆ ವಿಧಾನ ತದ್ವಿರುದ್ಧವಾಗುತ್ತದೆ. ಅಲ್ಲಿ ರೈಟ್‌ಮಾರ್ಕ್ ಅನ್ನು ಕರೆದರೆ ಆ ಹೊತ್ತಿಗೆ ಕೊನೆಯದಾಗಿ ಹೊರಹೋದ ಪುಟದ ಗುರುತು ಬರುತ್ತದೆ, ಅಂದರೆ ಹಳೆಯ ಹೆಸರು. ಪಠ್ಯದೊಳಗೆ ಬೇಕಾದದ್ದು ಓದು ತಲುಪಿರುವ ಜಾಗದ ಹೆಸರೇ ಆದ್ದರಿಂದ ತಲೆಬರಹವನ್ನು ಒಂದು ಸ್ವಂತ ಆಜ್ಞೆಯಲ್ಲಿ ಉಳಿಸಿಟ್ಟುಕೊಂಡು ಬಳಸುವುದು ಇಲ್ಲಿ ಸರಿಯಾದ ದಾರಿ. ಪುಟದ ತಲೆಯಲ್ಲಿ ಯಾವುದು ತಪ್ಪೋ ಒಡಲಿನಲ್ಲಿ ಅದೇ ಸರಿ. ಬೇರೊಂದು ವಿಭಾಗವನ್ನು ಅದರ ಹೆಸರಿನಿಂದ ಸೂಚಿಸಬೇಕಾದಾಗ ನೇಮ್‌ರೆಫ್ ಎಂಬ ಪರಿಕರ ನೆರವಾಗುತ್ತದೆ. ವಿಭಾಗಕ್ಕೆ ಒಂದು ಗುಪ್ತನಾಮವನ್ನಿಟ್ಟು ಅದರ ಮೂಲಕ ಕೇಳಿದರೆ ತಲೆಬರಹ ಇದ್ದಂತೆಯೇ ಬರುತ್ತದೆ. ಮುಂದೆ ತಲೆಬರಹವನ್ನು ತಿದ್ದಿದರೆ, ಕಡತವನ್ನು ಮತ್ತೆ ಎರಡು ಬಾರಿ ಓಡಿಸಿದಾಗ, ಅದನ್ನು ಹೆಸರಿಸಿದ ಎಲ್ಲ ಎಡೆಗಳಲ್ಲಿಯೂ ತಿದ್ದುಪಡಿ ತಾನಾಗಿಯೇ ಆಗುತ್ತದೆ.

ಕನ್ನಡದಲ್ಲಿ ಬರೆಯುವವರು ಈ ಹಂತದಲ್ಲಿ ವ್ಯಾಕರಣವನ್ನು ಎದುರಿಸಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಹೆಸರಿನ ಹಿಂದೆ ಒಂದು ಉಪಸರ್ಗವನ್ನು ಇಟ್ಟರೆ ವಾಕ್ಯ ಪೂರ್ಣವಾಗುತ್ತದೆ; ಹೆಸರಿನ ರೂಪ ಬದಲಾಗುವುದಿಲ್ಲ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ನಾಮಪದಕ್ಕೆ ಅಂಟಿಕೊಂಡೇ ಬರಬೇಕು. ‘ಪಾಠಾಂತರಗಳು’ ಎಂಬ ತಲೆಬರಹವನ್ನು ಯಂತ್ರ ತಂದುಕೊಟ್ಟಾಗ ಅದರ ಮುಂದೆ ‘ಅಲ್ಲಿ’ ಎಂದು ಸೇರಿಸಿದರೆ ಸಂಧಿಯಾಗುವುದಿಲ್ಲ. ‘ಪಾಠಾಂತರಗಳುಅಲ್ಲಿ’ ಎಂಬ ವಿಕಾರ ಅಚ್ಚಾಗುತ್ತದೆ. ‘ಪೀಠಿಕೆ’ಗೆ ಯಕಾರಾಗಮ, ‘ಮೂಲ ಮತ್ತು ಆಕರ’ಕ್ಕೆ ದಕಾರಾಗಮ, ಹೀಗೆ ಒಂದೊಂದು ತಲೆಬರಹದ ಅಂತ್ಯವೂ ಒಂದೊಂದು ರೂಪವನ್ನು ಬೇಡುತ್ತದೆ. ಇದನ್ನೆಲ್ಲ ಯಂತ್ರಕ್ಕೆ ಕಲಿಸುವ ಶ್ರಮಕ್ಕಿಂತ ‘ಎಂಬ’ ಪದವನ್ನು ನಡುವೆ ತರುವುದು ಸುಲಭ: ‘ಪಾಠಾಂತರಗಳು’ ಎಂಬ ಭಾಗದಲ್ಲಿ, ‘ಪೀಠಿಕೆ’ ಎಂಬ ಭಾಗದಿಂದ. ತಲೆಬರಹ ಪ್ರಥಮಾ ವಿಭಕ್ತಿಯಲ್ಲಿಯೇ ಉಳಿದು, ಪ್ರತ್ಯಯದ ಭಾರವನ್ನು ‘ಭಾಗ’ ಎಂಬ ಪದ ಹೊರುತ್ತದೆ.

ಕನ್ನಡ ಅಧ್ಯಾಪಕರಲ್ಲಿ ಹೆಚ್ಚಿನವರು ಬಳಸುವ ಮೈಕ್ರೋಸಾಫ್ಟ್ ವರ್ಡ್‌ನಲ್ಲಿಯೂ ಇದಕ್ಕೆ ಸಮಾನವಾದ ಸೌಲಭ್ಯವಿದೆ. ಅದರ ಹೆಸರು ಸ್ಟೈಲ್‌ರೆಫ್. ಪುಟದ ತಲೆಯಲ್ಲಿ ಅದನ್ನಿಟ್ಟರೆ ಸೂಚಿಸಿದ ಶೈಲಿಯ ತಲೆಬರಹವನ್ನು ಆ ಪುಟದಲ್ಲಿ ಮೇಲಿನಿಂದ ಕೆಳಗೆ ಹುಡುಕಿ, ಸಿಗದಿದ್ದರೆ ಹಿಂದಿನ ಪುಟಗಳತ್ತ ಹೋಗುತ್ತದೆ. ಪುಟದ ಕೆಳಗಿನಿಂದ ಹುಡುಕುವಂತೆಯೂ ಅದಕ್ಕೆ ಹೇಳಬಹುದು. ಫಸ್ಟ್‌ಮಾರ್ಕ್, ಬಾಟ್‌ಮಾರ್ಕ್‌ಗಳ ತತ್ತ್ವವೇ ಇಲ್ಲಿಯೂ ಇದೆ. ಆದರೆ ಅಕ್ಷರವನ್ನು ದಪ್ಪಗೊಳಿಸಿ, ಗಾತ್ರ ಹೆಚ್ಚಿಸಿ ಮಾಡಿದ ತಲೆಬರಹ ಅದರ ಪಾಲಿಗೆ ತಲೆಬರಹವೇ ಅಲ್ಲ, ಶೈಲಿಯನ್ನು ಅನ್ವಯಿಸಿರಲೇಬೇಕು. 2023ರಲ್ಲಿ ಸಾರ್ವಜನಿಕರಿಗೆ ತೆರೆದ ಟೈಪ್ಸ್ಟ್ ಎಂಬ ಹೊಸ ವ್ಯವಸ್ಥೆಯು ಗುರುತುಗಳ ಬದಲು ಇಡೀ ದಾಖಲೆಯನ್ನೇ ಪ್ರಶ್ನಿಸುವ ಕ್ರಮವನ್ನು ಅನುಸರಿಸುತ್ತದೆ. ‘ಈ ಜಾಗಕ್ಕಿಂತ ಹಿಂದಿನ ತಲೆಬರಹಗಳಲ್ಲಿ ಕೊನೆಯದು ಯಾವುದು’ ಎಂದು ಅದನ್ನು ಕೇಳಬಹುದು. ಪುಟದ ತಲೆಯಿಂದ ಹೀಗೆ ಕೇಳಿದಾಗ ‘ಈ ಜಾಗ’ ಎಂದರೆ ಪುಟದ ತುದಿಯೇ ಆಗುವುದರಿಂದ ಅದೇ ಪುಟದಲ್ಲಿ ಆರಂಭವಾಗುವ ವಿಭಾಗ ಲೆಕ್ಕಕ್ಕೆ ಬರುವುದಿಲ್ಲ. ಬಳಕೆದಾರನು ಆ ಪುಟದ ತಲೆಬರಹಗಳನ್ನು ಪ್ರತ್ಯೇಕವಾಗಿ ಕೇಳಿ, ಇಲ್ಲವೆಂದಾದರೆ ಮಾತ್ರ ಹಿಂದಕ್ಕೆ ಹೋಗುವಂತೆ ಬರೆಯಬೇಕಾಗುತ್ತದೆ.

ಮೂಲ ಟೆಕ್‌ನ ಒಂದು ಕೊರತೆಯೆಂದರೆ ಅದರಲ್ಲಿ ಒಂದೇ ಜಾತಿಯ ಗುರುತಿತ್ತು. ಆದ್ದರಿಂದಲೇ ಲೇಟೆಕ್ ಒಂದೇ ಚೀಟಿಯಲ್ಲಿ ಎಡ, ಬಲ ಎಂಬ ಎರಡು ಮನೆಗಳನ್ನು ಮಾಡಿ ಕಾಲ ನೂಕಿತು. ಪರ್ವ, ಸಂಧಿ, ಪದ್ಯ ಎಂಬ ಮೂರು ಸ್ತರಗಳಲ್ಲಿ ಉಲ್ಲೇಖವನ್ನು ಬೇಡುವ ಕುಮಾರವ್ಯಾಸ ಭಾರತದಂತಹ ಕೃತಿಗೆ ಎರಡು ಮನೆ ಸಾಲದು. ಟೆಕ್‌ನ ವಿಸ್ತೃತ ರೂಪವಾದ ಈಟೆಕ್ 32768 ಜಾತಿಯ ಗುರುತುಗಳಿಗೆ ಎಡೆಮಾಡಿಕೊಟ್ಟಿತಾದರೂ ಲೇಟೆಕ್ ತನ್ನ ಕೇಂದ್ರಭಾಗದಲ್ಲಿ ಅದನ್ನು ಸಾಮಾನ್ಯ ಬಳಕೆದಾರರಿಗೆ ಒದಗಿಸಿದ್ದು 2022ರ ಜೂನ್ ಆವೃತ್ತಿಯಲ್ಲಿ. ಈಗ ಪರ್ವಕ್ಕೊಂದು, ಸಂಧಿಗೊಂದು, ಪದ್ಯಕ್ಕೊಂದು ಗುರುತಿನ ಜಾತಿಯನ್ನು ಘೋಷಿಸಿ, ಪ್ರತಿಯೊಂದಕ್ಕೂ ಪುಟದ ಮೇಲಿನ, ಮೊದಲ ಮತ್ತು ಕೊನೆಯ ಬೆಲೆಗಳನ್ನು ಬೇರೆ ಬೇರೆಯಾಗಿ ಕೇಳಬಹುದು. ಎಡಪುಟದ ತಲೆಯಲ್ಲಿ ಪರ್ವದ ಹೆಸರನ್ನೂ ಬಲಪುಟದಲ್ಲಿ ಸಂಧಿಯ ಸಂಖ್ಯೆಯನ್ನೂ ಹೊರ ಅಂಚಿನಲ್ಲಿ ಆ ಪುಟದ ಮೊದಲ ಮತ್ತು ಕೊನೆಯ ಪದ್ಯಗಳ ಸಂಖ್ಯೆಗಳನ್ನೂ ಇಡುವುದು ಇದರಿಂದ ಕೈಗೆಟಕುವ ಕೆಲಸವಾಗಿದೆ. ಹಾಗೆ ಜೋಡಿಸಿದ ಪ್ರತಿಯನ್ನು ಪರಿಶೀಲಿಸುವವರು ಎಲ್ಲ ಪುಟಗಳನ್ನೂ ಸಮನಾಗಿ ನೋಡಬೇಕಾಗಿಲ್ಲ. ಸಂಧಿಯೊಂದು ಪುಟದ ನಡುವೆ ಮುಗಿಯುವ ಪುಟ, ಹೊಸ ಸಂಧಿ ಪುಟದ ಮೊದಲ ಸಾಲಿನಲ್ಲಿಯೇ ತೊಡಗುವ ಪುಟ, ಒಂದು ಪದ್ಯವೂ ಆರಂಭವಾಗದೆ ಟಿಪ್ಪಣಿಗಳೇ ತುಂಬಿರುವ ಪುಟ: ಈ ಮೂರು ಬಗೆಯ ಪುಟಗಳ ತಲೆಯ ಸಾಲನ್ನು ಕೆಳಗಿನ ಪಠ್ಯದೊಡನೆ ಹೋಲಿಸಿ ನೋಡಿದರೆ ಉಳಿದವು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ.